ಎಲ್ಲ ಗುಂಡಿಗೂ ಒಂದೇ ರಿವಾಲ್ವರ್

ನಮ್ಮ ಮಾವನವರು ಚುನಾವಣೆಗೆ ಕಾಯುವ ಹಾಗೆ ಯಾವ ಅಭ್ಯರ್ಥಿಯೂ ಕಾಯಲಾರ! ಟಿಕೆಟ್ಟಿನ ಆಸೆಯೇ? ಛೆ, ಮತದಾನದ ದಿನ ಅವರನ್ನು ಮತಗಟ್ಟೆಗೆ ಹೊರಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಗುತ್ತದೆ. ಅವರಿಗೆ ಬೇಕಾದದ್ದು ಅದಕ್ಕೂ ಮುಂಚಿನ ಒಂದು ದಿನ. ಲೈಸೆನ್ಸು ಇರುವವರೆಲ್ಲ ತಂತಮ್ಮ ಕೋವಿ, ರಿವಾಲ್ವರ್‌ಗಳನ್ನು ಚುನಾವಣೆ ಮುಗಿಯುವ ತನಕ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ದಿನ.

ಮಾವನವರ ರಿವಾಲ್ವರ್ ಅವರ ತಂದೆಯದು. ಅದಕ್ಕೆ ಕೂರುವ ಗುಂಡು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೊನೆಯದು ನಾನು ಸೊಸೆಯಾಗಿ ಬರುವ ಮುಂಚೆಯೇ ಮುಗಿದಿತ್ತಂತೆ. ನನ್ನ ಲಟ್ಟಣಿಗೆಯೇ ಅದಕ್ಕಿಂತ ಅಪಾಯಕಾರಿ! ಆದರೂ ವಾರಕ್ಕೊಮ್ಮೆ ಹಳೆಯ ಬನಿಯನ್ ಚೂರಿನಿಂದ ಎಣ್ಣೆ ಹಚ್ಚಿ ಒರೆಸುತ್ತಾರೆ. ಎಣ್ಣೆ ನನ್ನ ಹೊಲಿಗೆ ಮಿಷನ್ನಿನದು, ಆ ಮಾತು ಬಿಡಿ.

ಈ ಸಲ ಅದರ ಲೈಸೆನ್ಸು ಮುಗಿಯುತ್ತ ಬಂದಿತ್ತು. "ಸರ್ಕಾರಕ್ಕೆ ಕೊಟ್ಟು ಕೈ ತೊಳ್ಕೊಳಿ ಅಪ್ಪ, ಗುಂಡೇ ಇಲ್ದಿದ್ದು ಯಾಕೆ?" ಎಂದು ನಮ್ಮ ಯಜಮಾನರು ದಿನವೂ ಹೇಳುತ್ತಿದ್ದರು. ಮಾವನವರಿಗೆ ಕೂತರೆ ಸಮಾಧಾನವಿಲ್ಲ, ನಿಂತರೆ ಸಮಾಧಾನವಿಲ್ಲ. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದರು.

ಆಗಲೇ ಮಾವನವರ ಮೊಬೈಲಿಗೆ ಒಂದು ವಿಡಿಯೋ ಬಂತು. ಬಗೆಬಗೆಯ ಗುಂಡು ಹಾಕಿದರೂ ಹಾರಿಸುವ ಹೊರದೇಶದ ರಿವಾಲ್ವರ್! ನುಗ್ಗೆಕಾಯಿ ಹೆಚ್ಚುತ್ತಿದ್ದ ನನ್ನೆದುರು ಕೂತು, ಹೋಳುಗಳನ್ನು ಒಂದೊಂದಾಗಿ ಚಕ್ಕುಲಿ ಒರಳಿಗೆ ತುಂಬತೊಡಗಿದರು.

"ನೋಡವ್ವ, ದಪ್ಪ ಎಲ್ಲಾ ಒಂದೇ. ಉದ್ದ ಬ್ಯಾರೆ, ಹಿಂದ್ಗಡೆ ಅಂಚು ಬ್ಯಾರೆ. ಆ ಅಂಚು ಇಡ್ಕಳಾಕೆ ಒಳ್ಗೆ ಸ್ಪ್ರಿಂಗ್ ಮಡಗವ್ರೆ. ಯಾವ್ದೇ ಬರ್ಲಿ, ಇಡ್ಕತದೆ!"

"ಸಾರಿಗೆ ಹಾಕ್ಬೇಕು ಮಾವ, ಕೊಡಿ."

"ಗುಂಡ್ನ ಸಾರಿಗಾಕ್ತೀಯಾ?"

ಹಿರಿಯರ ಮಾತಿಗೆ ಅಡ್ಡ ಬರಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಹಿರಿಯರ ಕೈಯಿಂದ ನುಗ್ಗೆಕಾಯಿ ಬಿಡಿಸಿಕೊಳ್ಳುವುದನ್ನು ಕಲಿಸಿರಲಿಲ್ಲ.

ಮರುದಿನವೇ ಬಸ್ಸು ಹತ್ತಿ ಹಾಸನದ ಬಂದೂಕಿನಂಗಡಿಗೆ ಹೋಗಿ ಆ ರಿವಾಲ್ವರ್ ಕೇಳಿದರು. "ಯಜಮಾನ್ರೇ, ಲೈಸೆನ್ಸಲ್ಲಿ ಒಂದೇ ತರದ್ ಗುಂಡು ಬರ್ದವ್ರೆ. ಎಲ್ಲಾ ತರದ್ದೂ ಬೇಕು ಅಂದ್ರೆ ಮಿಲಿಟ್ರಿಗೇ ಸೇರ್ಕಳಿ!" ಎಂದನಂತೆ ಅಂಗಡಿಯವನು. ಚನ್ನರಾಯಪಟ್ಟಣದ ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತವರನ್ನು ವಿಚಾರಿಸಿದರು. ಆ ಪುಣ್ಯಾತ್ಮರು ಹೋಳಿಗೆ ಬರುವ ಮುಂಚೆಯೇ ಎಲೆ ಬಿಟ್ಟು ಎದ್ದರು!

"ಅಷ್ಟು ಬಗೆ ಗುಂಡಲ್ಲಿ ನಿಮಗೆ ಬೇಕಾಗಿರೋದು ಯಾವ್ದು ಮಾವ?" ಎಂದೆ.

"ಅವನ್ದು," ಎಂದರು.

ಅವನೆಂದರೆ ಅವರ ತಮ್ಮ, ನಮ್ಮ ಚಿಕ್ಕಮಾವ. ಹೊಳೆನರಸೀಪುರದಲ್ಲೇ, ನಮ್ಮಿಂದ ಎರಡು ಬೀದಿ ಆಚೆ ಮನೆ. ಆಸ್ತಿ ಪಾಲಾದಾಗ ತಂದೆಯ ಎರಡು ರಿವಾಲ್ವರ್ ಇಬ್ಬರಿಗೂ ಒಂದೊಂದು ಬಂದವು. ಒಳ್ಳೆಯದು ನಿನಗೇ ಹೋಯಿತೆಂದು ಇವರು, ನಿನಗೇ ಹೋಯಿತೆಂದು ಅವರು! ಅಂದಿನಿಂದ ಮಾತಿಲ್ಲ. ತಮ್ಮನದಕ್ಕೆ ಗುಂಡು ಈಗಲೂ ಸಿಗುತ್ತದೆ, ಅದೊಂದು ಹೊಟ್ಟೆಯುರಿ ಬೇರೆ.

ಚುನಾವಣೆ ಬಂತು. ಯಜಮಾನರಿಗೆ ಬಿಡುವಿಲ್ಲವೆಂದು ನಾನೇ ಮಾವನವರನ್ನು ಸ್ಕೂಟರಿನಲ್ಲಿ ಠಾಣೆಗೆ ಕರೆದೊಯ್ದೆ. ಗಡ್ಡ ಬೋಳಿಸಿ, ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟಿದ್ದರು. ಜಗಲಿಯ ಬೆಂಚಿನ ಮೇಲೆ ಚಿಕ್ಕಮಾವ ಆಗಲೇ ಕೂತಿದ್ದರು. ಅಯ್ಯೋ ದೇವರೇ, ಇಬ್ಬರ ಕೈಯಲ್ಲೂ ರಿವಾಲ್ವರ್!

"ಏನಣ್ಣ, ನಿನ್ ತುಕ್ಕಿನ್ನೂ ಉದುರಿಲ್ವಾ?"

"ಮುಚ್ಕಳ್ಲಾ. ಎಲ್ಲಾ ಗುಂಡೂ ನುಂಗೋದು ತರುಸ್ತೀನಿ. ನಿನ್ನವೂ ಇಡುಸ್ತವೆ."

"ಮದ್ಲು ಅಲ್ಲು ಕಟ್ಟುಸ್ಕೊ, ಬಾಯಿ ಬೊಚ್ಚಾಗೈತೆ."

"ನಿನ್ ಶುಗರ್ ಎಷ್ಟೈತ್ಲಾ?"

"ಇನ್ನೂರು."

"ಅದ್ಕೇ ಸೊರಗೋಗಿದ್ದೀಯ. ಮುದ್ದೆ ತಿನ್ನು ಕಣ್ಲಾ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಲ್ಲಿ ಯಾರೂ ಮೊದಲು ಸೋಲಬೇಕಾಗಿಲ್ಲ, ಸರ್ಕಾರವೇ ಕರೆಸಿದೆಯಲ್ಲ!

ಗಂಟೆ ಕಳೆಯಿತು. ರಿವಾಲ್ವರ್‌ಗಳು ಒಳಗೆ ಹೋಗಿದ್ದವು. "ಹೊರಡೋಣ್ವಾ ಮಾವ?" ಎಂದೆ.

"ರಸೀದಿ ಕೊಟ್ಟಿಲ್ಲ ಕಣವ್ವ," ಎಂದರು, ನನ್ನ ಮುಖ ನೋಡದೆ.

"ಊನವ್ವ, ನಂದೂ ಬಂದಿಲ್ಲ," ಎಂದರು ಚಿಕ್ಕಮಾವ.

ಇಬ್ಬರ ತೆಳು ಜೇಬಿನೊಳಗೂ ಮಡಿಸಿಟ್ಟ ರಸೀದಿಯ ನೇರಳೆ ಮೊಹರು ಕಾಣುತ್ತಿತ್ತು.

"ಹಾಗಾದ್ರೆ ಕೂತಿರಿ ಮಾವ, ತರಕಾರಿ ತಂದ್ಬಿಡ್ತೀನಿ," ಎಂದು ಸ್ಕೂಟರ್ ತೆಗೆದೆ. ತರಕಾರಿ ಏನೂ ಬೇಕಿರಲಿಲ್ಲ. ಹೇಮಾವತಿ ಸೇತುವೆಯವರೆಗೂ ನಿಧಾನವಾಗಿ ಹೋದೆ, ಅಷ್ಟೇ ನಿಧಾನವಾಗಿ ತಿರುಗಿದೆ. ಬರುವಾಗ ಒಂದು ಫೋಟೋ ಸ್ಟುಡಿಯೋ ಮುಂದೆ ನಿಲ್ಲಿಸಿ, ರಿವಾಲ್ವರ್ ಲೈಸೆನ್ಸು ನವೀಕರಿಸಲು ಎಷ್ಟು ಫೋಟೋ ಕೊಡಬೇಕಾಗುತ್ತದೆ ಎಂದು ಕೇಳಿದೆ.