ಇಲ್ಲದ ಜಾಗಕ್ಕ ಟವೆಲ್

ಅಂಜೋ ಮನಷಾನ ಕೈಯಾಗ ಕೀಲಿ ಕೊಟ್ರ, ಕಳ್ಳ ಬರದಿದ್ರೂ ನಿದ್ದಿ ಬರಂಗಿಲ್ಲ. ನನ್ನ ನೌಕರಿ ಪೂರಾ ಹಂಗ ಕಳೀತು. ಮೊಬೈಲು ಆಗಷ್ಟೇ ಎಲ್ಲಾರ ಕೈಗೆ ಬಂದಿದ್ದ ಕಾಲ. ನಮ್ಮ ವಿದ್ಯಾಸಂಸ್ಥಿಗೆ ಐದು ಊರಾಗ ಕಾಲೇಜು. ಐದೂ ಕಾಲೇಜಿನ ಅಂಕಪಟ್ಟಿ ಹಗರಿಬೊಮ್ಮನಹಳ್ಳಿಯ ಒಂದೇ ಡಿಸ್ಕ್ ಪೆಟ್ಟಿಗಿಯೊಳಗ. ಅದಕ್ಕ ಕಾವಲುಗಾರ ನಾನು.

೧

ಪೆಟ್ಟಿಗಿ ತಂದ ಇಂಜಿನಿಯರ್ ಎರಡು ದಾರಿ ಹೇಳಿದ. ಒಂದು, ಪೆಟ್ಟಿಗಿಯ ಜಾಗದಾಗ ಪ್ರತಿ ಊರಿನ ಪಾಲು ಈಗಲೇ ಅಳೆದು ಕಟ್ಟಿಡೋದು. ಇನ್ನೊಂದು, ಎಲ್ಲಾರಿಗೂ ದೊಡ್ಡ ಪಾಲು ತೋರಿಸಿ, ತುಂಬಿದಂಗ ಕೊಡ್ತಾ ಹೋಗೋದು.

"ಎರಡನೇದು ಮಾಡಪಾ. ಊರಿಗೆ ನೂರು ಜಿಬಿ ತೋರಿಸು" ಅಂದ್ರು ನಮ್ಮ ಕಾರ್ಯದರ್ಶಿ.

"ಇರೋದೇ ಮುನ್ನೂರು, ಸರ್."

"ಎಲ್ಲಾರೂ ಒಮ್ಮೆಲೇ ತುಂಬ್ತಾರೇನು? ನನ್ನ ಮಗಳ ಮದುವಿಗೆ ಸಾವಿರ ಕಾರ್ಡ್ ಹಂಚಿ ಐನೂರು ಮಂದಿಗೆ ಅಡಿಗಿ ಮಾಡಿಸಿದ್ವಿ."

"ಅಡಿಗಿ ಸಾಲಿತೇನ್ರಿ, ಸರ್?"

"ಅದನ್ನ ಕೇಳಬ್ಯಾಡ" ಅಂದ್ರು.

೨

ಅವತ್ತಿನಿಂದ ದಿನಾ ಬೆಳಿಗ್ಗೆ ಮೊದಲು ಪೆಟ್ಟಿಗಿ ಎಷ್ಟು ತುಂಬೈತಿ ಅಂತ ನೋಡೋದು, ಆಮ್ಯಾಲೆ ಚಾ. ಒಂದಿನ ಹರಪನಹಳ್ಳಿ ಗುಮಾಸ್ತರ ಫೋನು: "ನಮ್ಮದು ಎಂಬತ್ತು ಖಾಲಿ ಐತಿ. ಕೊಟ್ಟೂರಿನವರಿಗೆ ಐವತ್ತು ಕೊಟ್ಟುಬಿಡ್ರಿ, ಪಾಪ."

ಇಲ್ಲದ್ದನ್ನ ಇಷ್ಟು ಧಾರಾಳ ದಾನ ಮಾಡಿದವರನ್ನ ನಾನು ಬ್ಯಾರೆ ನೋಡಿಲ್ಲ. "ಆತ್ರಿ, ಕೊಡೋಣ" ಅಂದೆ.

೩

ಪರೀಕ್ಷಾ ಅಂಕ ಪೆಟ್ಟಿಗಿಗೆ ಹಾಕೋ ಹಿಂದಿನ ದಿನ ನೋಡ್ತೀನಿ, ರಾತ್ರೋರಾತ್ರಿ ಅದು ನೂರಕ್ಕ ತೊಂಬತ್ತೆಂಟು ತುಂಬೈತಿ. ಪೂರ್ತಿ ತುಂಬಿದ್ರ ಐದೂ ಊರು ನಿಂತಂಗ, ನನ್ನ ನೌಕರಿ ಹೋದಂಗ.

ಕೂಡ್ಲಿಗಿಗೆ ಫೋನ್ ಹಚ್ಚಿದ್ರ ಅಲ್ಲಿಯ ಹೆಡ್ ಕ್ಲಾರ್ಕ್ ಶಾಂತವಾಗಿ ಹೇಳಿದ್ರು: "ಖಾಲಿ ಬಿಟ್ಟವರ ಜಾಗ ಕಸಗೋತಾರ ಅಂತ ಸುದ್ದಿ ಬಂತ್ರಿ. ಅದಕ್ಕ ಬಸ್ಸಿನ್ಯಾಗ ಕಿಟಕಿಯಿಂದ ಸೀಟಿಗೆ ಟವೆಲ್ ಒಗೀತೀವಲ್ಲ, ಹಂಗ ಒಂದು ವಿಡಿಯೋನ ಅರವತ್ತು ಸಲ ಕಾಪಿ ಮಾಡಿ ಇಟ್ಟೀನಿ. ಉಳಿದ ನಾಕೂ ಊರಿಗೂ ಹೇಳೀನಿ, ಅವರೂ ನಮ್ಮವರೇ ಅಲ್ಲೇನ್ರಿ."

"ಅಳಿಸ್ರಿ, ಕೈ ಮುಗೀತೀನಿ."

"ನನ್ನಿಂದ ಆಗಂಗಿಲ್ರಿ. ಅದು ಕಾರ್ಯದರ್ಶಿ ಸಾಹೇಬ್ರ ವಾರ್ಷಿಕೋತ್ಸವದ ಭಾಷಣ."

ಐದೂ ಊರಾಗ ಅದೇ ಭಾಷಣ, ಐದೂ ಊರಾಗ ಅದೇ ಅಂಜಿಕಿ. ಕಡೀಗೆ ನಾನೇ ಕಾರ್ಯದರ್ಶಿಗೆ ಫೋನ್ ಹಚ್ಚಿದೆ.

"ಸರ್, ನಿಮ್ಮ ಭಾಷಣ ಅಳಿಸಬೇಕ್ರಿ. ಮುನ್ನೂರು ಸಲ ಐತಿ."

ನನ್ನ ಕಥಿ ಮುಗೀತು ಅಂದುಕೊಂಡೆ.

"ಅಳಿಸಪಾ" ಅಂದ್ರು. "ಊರಿಗೊಂದು ಮಾತ್ರ ಬಿಡು. ಹಡಗಲಿ ಕಾಲೇಜಿಗೆ ಎರಡಿರಲಿ. ಅವತ್ತು ಭಾಷಣದಾಗ ಅವರು ನಿದ್ದಿ ಮಾಡಿದ್ರು."