ಕ್ಯಾರಿಯರ್ ತುಂಬ ಚಿಂತೆ

“ಕಣ್ಣು ಮುಚ್ಚು. ಮುಚ್ಚಿದೆಯಾ? ಈಗ ತೆಗಿ. ನೋಡು!”

ನನ್ನ ಗಂಡ ಪಶುಪತಿ, ಹೋಟೆಲಿನವರು ಟವೆಲಿನಲ್ಲಿ ಮಾಡಿಟ್ಟಿದ್ದ ಹಂಸವನ್ನು ಪಕ್ಕಕ್ಕೆ ತಳ್ಳಿ, ಬಿಳಿ ಹಾಸಿಗೆಯ ನಟ್ಟನಡುವೆ ಮೂರು ಡಬ್ಬಿಯ ಊಟದ ಕ್ಯಾರಿಯರೊಂದನ್ನು ಇಟ್ಟಿದ್ದರು. ತುಮಕೂರಿನಿಂದ ಮಂಗಳೂರಿನವರೆಗೂ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರು. ಪುಳಿಯೋಗರೆ ಇರಬೇಕೆಂದು ನಾನು ಕೈ ಚಾಚಿದಾಗ, “ತಿನ್ನೋದಲ್ಲ ಕಣೇ, ನಿನಗೇ ಅಂತ ಮಾಡಿದ್ದು” ಎಂದಿದ್ದರು. ಹಾಗಾದರೆ ಸೀರೆಯೇ ಇರಬಹುದೆಂದು ಹಾಸನ ದಾಟುವವರೆಗೂ ನಾನು ಸಂತೋಷದಿಂದ ಕುಳಿತಿದ್ದೆ!

ಈಗ ನೋಡಿದರೆ ಕ್ಯಾರಿಯರಿನ ಮುಚ್ಚಳಕ್ಕೆ ಫ್ಯಾನಿನ ರೆಗ್ಯುಲೇಟರ್ ಅಂಟಿಸಿದೆ. ಒಂದು ಬದಿಯಲ್ಲಿ ರಬ್ಬರ್ ಕೊಳವೆ. ಇನ್ನೊಂದು ಬದಿಯ ತಂತಿಯ ತುದಿಗೆ, ವಾರದಿಂದ ನಾನು ಹುಡುಕುತ್ತಿದ್ದ ಹಿಟ್ಟಿನ ಜರಡಿ.

“ಇದರ ಹೆಸರು ಚಿಂತಾಹಾರಿ!” ಎಂದು ನಮ್ಮವರು ಎದೆಯುಬ್ಬಿಸಿದರು. “ಜರಡಿ ತಲೆ ಮೇಲೆ ಇಟ್ಕೊಂಡರೆ ಸಾಕು, ತಲೆಯಲ್ಲಿರೋ ಚಿಂತೆ ಎಲ್ಲಾ ಡಬ್ಬಿಗೆ ಇಳಿಯುತ್ತೆ. ಅಲ್ಲಿಂದ ಆವಿಯಾಗಿ ಕೊಳವೆಯಲ್ಲಿ ಹೊರಗೆ. ಸಮುದ್ರದ ಮೇಲೆ ಬಿಟ್ಟುಬಿಟ್ಟರೆ ಯಾರಿಗೂ ತೊಂದರೆ ಇಲ್ಲ!”

“ಅದಕ್ಕೇನು ಮಂಗಳೂರಿಗೆ ಹೋಗೋಣ ಅಂದಿದ್ದು?”

“ಮತ್ತೆ? ತುಮಕೂರಲ್ಲಿ ಸಮುದ್ರ ಎಲ್ಲಿದೆ?”

ಸಮುದ್ರ ನೋಡಬೇಕೆಂದು ನಾನು ಕೇಳಲು ಶುರುಮಾಡಿ ಎಷ್ಟೋ ವರ್ಷಗಳಾಗಿದ್ದವು. ಈ ಸಲ ಒಂದೇ ಮಾತಿಗೆ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ದಿನವಿಡೀ ಕೆಲಸ ಮಾಡಿ, ಮನೆಗೆ ಬಂದು ಮತ್ತೆ ಅದನ್ನೇ ಮಾಡುವ ಮನುಷ್ಯ ಅವರು. ಅವರ ಚಪಾತಿ ಯಂತ್ರ ಎದುರುಮನೆಯವರ ಎಮ್ಮೆಯ ಬೆನ್ನಿಗೆ ಬಿಸಿ ಚಪಾತಿ ಎಸೆದ ಮೇಲೆ, ಆ ಎಮ್ಮೆ ನಮ್ಮ ಬೀದಿಗೇ ಕಾಲಿಡುತ್ತಿಲ್ಲ.

ಚಿಂತೆ ನನಗೆ ಜಾಸ್ತಿ, ಅದು ನಿಜ. ಕೋಣೆಗೆ ಕಾಲಿಟ್ಟ ಕೂಡಲೇ ಬಾಗಿಲಿನ ಸರಪಳಿ ಎಳೆದು ನೋಡಿದ್ದೆ. ಬೆಂಕಿ ಬಿದ್ದರೆ ಯಾವ ಮೆಟ್ಟಿಲು ಎಂದು ಗೋಡೆಯ ನಕ್ಷೆ ಓದಿದ್ದೆ. “ರೀ, ಮನೇಲಿ ಗ್ಯಾಸ್ ಆರಿಸಿದ್ದೀವಿ ಅಲ್ವಾ?” ಎಂದು ಕೇಳಿದ್ದೆ. “ಹ್ಞೂಂ” ಎಂದಿದ್ದರು.

ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ನಮ್ಮವರು ಕುರ್ಚಿ ಹತ್ತಿ, ಕೊಳವೆಯನ್ನು ಏಸಿಯ ಜಾಲರಿಯೊಳಗೆ ತೂರಿಸಿ, “ಎಲ್ಲಾ ಒಂದೇ, ಇದೂ ಹೊರಗೇ ಹೋಗೋದು” ಎಂದರು. ಅದು ಇಡೀ ಹೋಟೆಲಿಗೆ ತಂಗಾಳಿ ಹಂಚುವ ಏಸಿ ಎಂದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ಆಮೇಲೆ ಜರಡಿಯನ್ನು ನನ್ನ ತಲೆಯ ಮೇಲಿಟ್ಟು ರೆಗ್ಯುಲೇಟರ್ ತಿರುಗಿಸಿದರು. ಜರಡಿ ಗುಂಯ್ಗುಟ್ಟಿತು. ನೆತ್ತಿಗೆ ಕಚಗುಳಿಯಿಟ್ಟಂತಾಯಿತು. ಮೇಲಿನ ಡಬ್ಬಿ ಟಣ್ ಎಂದಿತು, ನಡುವಿನದು ಗಡಗಡ ಎಂದಿತು. ಕೆಳಗಿನ ಡಬ್ಬಿ ಮಾತ್ರ ಹಾಸಿಗೆಯೊಳಕ್ಕೆ ಸದ್ದಿಲ್ಲದೆ ಕುಸಿಯಿತು, ಅಷ್ಟು ಭಾರ!

“ಹೇಗಿದೆ?”

ಗ್ಯಾಸಿನ ಬಗ್ಗೆ ಯೋಚಿಸಲು ಪ್ರಯತ್ನಿಸಿದೆ, ಆಗಲಿಲ್ಲ. ಬೀಗ, ನಲ್ಲಿ, ರಕ್ತದೊತ್ತಡ, ಒಂದೂ ಇಲ್ಲ. ಸಾಮಾನೆಲ್ಲ ಸಾಗಿಸಿ ಗುಡಿಸಿಟ್ಟ ಮನೆಯಂತಾಗಿತ್ತು ನನ್ನ ತಲೆ.

“ಗೆದ್ದೆ!” ಎಂದು ನಮ್ಮವರು ಹಾಸಿಗೆಯ ಮೇಲೆ ಒಮ್ಮೆ ಕುಣಿದು, ಚಿಂತೆ ಅಳೆಯುವ ಪುಟ್ಟ ಮಾಪಕವೊಂದನ್ನು ಜೇಬಿನಿಂದ ತೆಗೆದು ಅದನ್ನೇ ನೋಡುತ್ತಾ ಕುಳಿತರು.

ಸಂಜೆ ಹೋಟೆಲಿನ ಮುಂದಿನ ದಂಡೆಯಲ್ಲಿ ಅಕ್ಕಪಕ್ಕ ಕುಳಿತೆವು. ನದಿ ಸಮುದ್ರ ಸೇರುವ ಜಾಗ. ಮೀನಿನ ದೋಣಿಗಳು ಸಾಲಾಗಿ ಮರಳುತ್ತಿದ್ದವು. ನಾನು ಬಯಸಿದ್ದು ಇದನ್ನೇ, ಅವರ ಪಕ್ಕದಲ್ಲಿ ಕುಳಿತು ಏನಾದರೂ ಮಾತಾಡುವುದನ್ನು. ಬಾಯಿ ತೆರೆದೆ. ಹೇಳಲು ಏನೂ ಸಿಗಲಿಲ್ಲ. ‘ಗ್ಯಾಸ್ ಆರಿಸಿದ್ರಾ’, ‘ಮಾತ್ರೆ ತಗೊಂಡ್ರಾ’, ‘ಹಿಂದಿನ ಬಾಗಿಲು ಹಾಕಿದ್ರಾ’. ಮದುವೆಯಾದಂದಿನಿಂದ ನಾನು ಅವರೊಡನೆ ಆಡಿದ ಮಾತೆಲ್ಲ ಚಿಂತೆಯದೇ ಆಗಿತ್ತು. ಅದೂ ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಮಾಪಕವೊಂದೇ, ಅದನ್ನೂ ಅವರು ತಮ್ಮ ಕಡೆಗೇ ತಿರುಗಿಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ತಿಂಡಿಗೆ ಇಳಿದರೆ ಗಲಾಟೆಯೋ ಗಲಾಟೆ! ಪಕ್ಕದ ಮೇಜಿನಲ್ಲಿ ಹುಬ್ಬಳ್ಳಿಯ ದಂಪತಿ, ಮಲ್ಲೇಶಪ್ಪ ಮತ್ತು ನೀಲವ್ವ. ನೀರುದೋಸೆ ತಣ್ಣಗಾಗುತ್ತಿತ್ತು.

“ಕೀಲಿ ನೀ ಹಾಕಿದ್ದಿ ಅಲ್ಲ?”

“ನಾ ಯಾಕ ಹಾಕಲಿ? ನೀವು ಹಾಕೀರಿ ಅಂತ ನಾ ಗಾಡಿ ಹತ್ತೇನಿ!”

“ಅಂದ್ರ ಮನಿ ತೆರದs ಐತಿ?”

“ಕುಂತ್ಕೊಂಡ್ ಕೇಳ್ತೀರಲ್ರೀ, ಏಳ್ರೀ!”

ಎದ್ದೇ ಬಿಟ್ಟರು. ಅವರ ಹಿಂದೆ ಇನ್ನಷ್ಟು ಜನ. ಹೊಸದಾಗಿ ಮದುವೆಯಾದ ಜೋಡಿಯೊಂದು ಎರಡು ಟ್ಯಾಕ್ಸಿ ತರಿಸಿ, ಅವರವರ ಅಪ್ಪನ ಮನೆಯ ನಲ್ಲಿ ನೋಡಲು ಎರಡು ದಿಕ್ಕಿಗೆ ಹೊರಟಿತು. ದೋಸೆ ಹುಯ್ಯುವವನು ಒಲೆ ಆರಿಸುತ್ತಿದ್ದ, ಆರಿದೆಯೋ ಇಲ್ಲವೋ ನೋಡಲು ಮತ್ತೆ ಹಚ್ಚುತ್ತಿದ್ದ. ಲಿಫ್ಟಿನ ತುಂಬ ಕೋಣೆಗೆ ಬೀಗ ಬಿದ್ದಿದೆಯೇ ಎಂದು ನೋಡಲು ಹತ್ತುವವರು, ಇಳಿದು ಮತ್ತೆ ಹತ್ತುವವರು! ಈಜುಕೊಳದ ಕಾವಲಿನವನು ಯಾರಾದರೂ ಮುಳುಗಿಯಾರೆಂದು ನೀರನ್ನೇ ಖಾಲಿ ಮಾಡಿಸಿದ್ದ.

ಗುಟ್ಟು ನನಗೆ ಅರ್ಥವಾಯಿತು. ಅವೆಲ್ಲ ನನ್ನ ಚಿಂತೆಗಳೇ. ಪರಿಚಯದವರನ್ನು ದೂರದಿಂದ ಗುರುತಿಸಿದ ಹಾಗೆ ಒಂದೊಂದನ್ನೂ ಗುರುತಿಸಿದೆ.

ಅಷ್ಟರಲ್ಲಿ ನಮ್ಮವರು ಲಿಫ್ಟಿನಿಂದ ಹೊರಬಂದರು. ಮುಖ ಬಿಳಿಚಿತ್ತು.

“ವನಮಾಲಾ, ಗ್ಯಾಸ್ ಆರಿಸಿದ್ದೀಯ?”

“ಹ್ಞೂಂ.”

“ಗ್ಯಾರಂಟೀನಾ?”

“ಹ್ಞೂಂ.” ನನ್ನ ಗಮನ ದೋಸೆಯ ಮೇಲಿತ್ತು.

“ಏನೇ ಅದು ಹ್ಞೂಂ ಹ್ಞೂಂ ಅಂತ! ಬಾಯಿಬಿಟ್ಟು ಹೇಳೋಕೆ ಆಗಲ್ವಾ? ಆ ಹ್ಞೂಂ ಕೇಳಿದರೆ ಎಷ್ಟು ಉರಿಯುತ್ತೆ ಗೊತ್ತಾ?”

“ಗೊತ್ತು ರೀ” ಎಂದೆ.

ಅವರು ಚೀಲ ಎತ್ತಿಕೊಂಡಾಗಿತ್ತು. “ಸಂಜೆ ದೋಣಿಗೆ ಹೇಳಿಟ್ಟಿದ್ದೀನಿ, ಇಬ್ಬರಿಗೂ” ಎಂದೆ. “ಇವತ್ತೊಂದು ದಿನ ಇರಿ. ನಾಳೆ ನಾನೂ ಜೊತೆಗೆ ಬಂದುಬಿಡ್ತೀನಿ.”

“ನೀನೂ ಬಂದರೆ ಈ ರೂಮಿನ ಬೀಗ ಯಾರು ನೋಡ್ಕೋತಾರೆ?” ಎಂದು ಹೊರಟೇಬಿಟ್ಟರು. ಬಾಗಿಲ ಬಳಿ ತಿರುಗಿದರು. ನನ್ನನ್ನು ನೋಡಲೆಂದು ಅಂದುಕೊಂಡೆ. ಚಪ್ಪಲಿ ಹಾಕಿಕೊಂಡಿದ್ದಾರೋ ಇಲ್ಲವೋ ಎಂದು ಕಾಲು ನೋಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಹೋಟೆಲು ಬಣಬಣ. ಕೊನೆಗೆ ಉಳಿದವರು ಮ್ಯಾನೇಜರ್ ಸಿಪ್ರಿಯನ್ ಲೋಬೋ. ಹಿಂದಿನ ದಿನ ನನಗೆ “ನೀವು ಎಂತದಕ್ಕೂ ತಲೆಬಿಸಿ ಮಾಡ್ಬೇಡಿ ಮೇಡಂ” ಎಂದು ನಕ್ಕಿದ್ದ ಮನುಷ್ಯ, ಈಗ ಟೈ ಎಳೆದುಕೊಳ್ಳುತ್ತಾ ಬಂದರು.

“ಮೇಡಂ, ನಮ್ಮ ಮನೆಯ ಪಂಪ್ ಬಂದ್ ಮಾಡಿದ್ದೇನಾ ಇಲ್ವಾ ಅಂತ ಗೊತ್ತಾಗುದಿಲ್ಲ ಮಾರಾಯ್ರೆ! ಈಗ ಟ್ಯಾಂಕಿ ತುಂಬಿ ಬಾವಿಗೇ ನೀರು ಬೀಳ್ತಾ ಉಂಟೋ ಏನೋ!”

“ಹೋಗಿ ನೋಡಿ ಬನ್ನಿ.”

“ಹೋಗುದು ಹೌದು. ಆದರೆ ಇಲ್ಲಿ ತಲೆಬಿಸಿ ಇಲ್ಲದವರು ಅಂತ ಇರುದು ನೀವೊಬ್ರೇ. ಸ್ವಲ್ಪ ಹೋಟೆಲ್ ನೋಡ್ಕೊಳ್ತೀರಾ?”

ಬೀಗದ ಕೈಗಳ ದೊಡ್ಡ ಗೊಂಚಲನ್ನು ನನ್ನ ಕೈಗಿಟ್ಟು ಓಡಿದರು! ರಜೆಗೆಂದು ಬಂದ ನಾನು ಐದು ಮಹಡಿಗಳ ಯಜಮಾನಿಯಾದೆ. ಇಡೀ ಹೋಟೆಲಿಗೆಂದು ಮಾಡಿದ್ದ ಅನ್ನ, ಸಾರು, ಗಸಿ, ಪಾಯಸ ಸಾಲಾಗಿ ಮುಚ್ಚಿಟ್ಟಿದ್ದವು. ತಟ್ಟೆಯ ಬೆಟ್ಟದಿಂದ ಒಂದನ್ನು ತೆಗೆದುಕೊಂಡು, ಅಷ್ಟು ದೊಡ್ಡ ಊಟದ ಕೋಣೆಯಲ್ಲಿ ಒಬ್ಬಳೇ ಉಂಡೆ. ಚಮಚದ ಸದ್ದು ಗೋಡೆಗೆ ಹೋಗಿ ವಾಪಸು ಬರುತ್ತಿತ್ತು. ಭಯವೇನೂ ಆಗಲಿಲ್ಲ. ಭಯವಾಗಿದ್ದರೆ ಅದಾದರೂ ಜೊತೆಗಿರುತ್ತಿತ್ತು.

ಆಗ ಫೋನ್ ಬಂತು.

“ವನಮಾಲಾ, ಬ್ರೇಕ್ ಸರಿ ಇಲ್ಲವೇನೋ ಅಂತ ಎಷ್ಟೋ ಬಸ್ ಬಿಟ್ಟೆ, ಈಗ ಬಿ.ಸಿ. ರೋಡ್ ಬಂತು. ಊಟ ಆಯ್ತಾ?”

ನಾನು ಫೋನನ್ನು ಕಿವಿಯಿಂದ ತೆಗೆದು ಹೆಸರು ನೋಡಿದೆ. ಅವರದ್ದೇ.

ಉಪ್ಪಿನಂಗಡಿಯಿಂದ ಮತ್ತೆ ಬಂತು. “ಒಬ್ಬಳೇ ಇದೀಯ. ಚಿಲಕ ಹಾಕ್ಕೊಂಡಿದೀಯ ತಾನೆ? ಬಿಸಿಲಿಗೆ ಹೋಗಬೇಡ, ನಿನಗೆ ತಲೆನೋವು ಬರುತ್ತೆ.” ನನಗೆ ಬಿಸಿಲಿಗೆ ತಲೆನೋವು ಬರುವುದು ಅವರಿಗೆ ಗೊತ್ತಿತ್ತು! ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಆ ಘಾಟಿ ಅಷ್ಟು ಉದ್ದವೆಂದು ನನಗೆ ತಿಳಿದಿರಲಿಲ್ಲ.

ಸಕಲೇಶಪುರದಿಂದ ಕೊನೆಗೂ ಬಂತು. “ನೋಡು, ರೆಗ್ಯುಲೇಟರನ್ನ ಹಿಂದಕ್ಕೆ ತಿರುಗಿಸು. ಹೋದ ಚಿಂತೆ ಎಲ್ಲಾ ವಾಪಸ್ ನಿನ್ನ ತಲೆಗೇ ಬರುತ್ತೆ. ಎಲ್ಲರೂ ಸರಿಹೋಗ್ತಾರೆ. ನಾನೂ ಮೊದಲಿನ ಹಾಗೆ ಆಗ್ತೀನಿ. ಪಾಪ, ನೀನು ಅಲ್ಲಿ ಒಬ್ಬಳೇ... ಏನು ತಿಂತೀಯೋ, ಹೇಗೆ ಮಲಗ್ತೀಯೋ...”

“ಆಯ್ತು ರೀ, ತಿರುಗಿಸ್ತೀನಿ” ಎಂದೆ.

ಕೋಣೆಗೆ ಹೋಗಿ ಜರಡಿಯನ್ನು ತಲೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತೆ. ದೋಣಿಗಳು ಮರಳುವ ಹೊತ್ತು. ಪಾಪ ನೀಲವ್ವ, ಪಾಪ ಲೋಬೋ, ಅವರನ್ನೆಲ್ಲ ಒದ್ದಾಡಲು ಬಿಡುವುದು ಸರಿಯಲ್ಲ. ಇನ್ನೊಂದು ಫೋನ್ ಬಂದ ಕೂಡಲೇ ತಿರುಗಿಸಬೇಕು ಎಂದುಕೊಂಡೆ.

ಬಂತು. ಇನ್ನೊಂದು ಬರಲಿ ಎಂದುಕೊಂಡೆ.