ತಳ ಹೆರೆಯುವ ಮೊದಲೇ ತೊಳೆದವರಿಗೆ

ನಮ್ಮ ಊರಿನ ನೆತ್ತಿಯ ಮೇಲೆ ಎದ್ದಿರುವ ಐದು ನಕ್ಷತ್ರದ ಹೋಟೆಲಿನ ಅಡುಗೆಮನೆಯಲ್ಲಿ, ಬಾಗಿಲ ಎಡಕ್ಕೆ, ಮೂರು ಹೊತ್ತೂ ಬಿಸಿನೀರಿನ ಅಭ್ಯಂಜನದಲ್ಲಿ ವಿರಾಜಮಾನರಾಗಿರುವ ಪಾತ್ರೆ ತೊಳೆಯುವ ಯಂತ್ರದವರ ಸನ್ನಿಧಾನಕ್ಕೆ, ಕೆಳಗಿನ ಪ್ರಾಲೊಂ ಹಳ್ಳಿಯ ದನ ಸಾಕುವ ಹೆಂಗಸು ಒಡಿಲ್ ಬ್ರೂಶೆ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಮಗೇ ನೇರವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೊದಲು ತಮ್ಮ ವ್ಯವಸ್ಥಾಪಕರಿಗೆ ಮೂರು ಸಲ ಬರೆದೆ. ಮೂರು ಸಲವೂ ‘ತಮ್ಮ ಅಮೂಲ್ಯ ಅಭಿಪ್ರಾಯದಿಂದ ನಮಗೆ ಅತೀವ ಸಂತಸವಾಗಿದೆ’ ಎಂಬ ಒಂದೇ ಉತ್ತರ, ಒಂದಕ್ಷರವೂ ಆಚೀಚೆಯಾಗದೆ ಬಂತು. ಮೂರನೆಯ ಪತ್ರದಲ್ಲಿ ನಾನು ಅವರನ್ನು ಕೋಡಿಲ್ಲದ ಹೋರಿ ಎಂದು ಕರೆದಿದ್ದೆ. ಅದಕ್ಕೂ ಅವರಿಗೆ ಸಂತಸವೇ. ಹೇಗೂ ಉತ್ತರ ಕೊಡುವುದು ಯಂತ್ರವೇ ಆದರೆ, ಮೈಮುರಿದು ದುಡಿಯುವ ಯಂತ್ರಕ್ಕೇ ಬರೆಯೋಣ ಎಂದುಕೊಂಡೆ. ಊರವರೂ ಓದಲಿ ಎಂದು ಡೇರಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದೇನೆ.

ನಮ್ಮಂಥವರು ತಮ್ಮ ಹೋಟೆಲಿಗೆ ಬಂದದ್ದು ಹೇಗೆಂದು ತಾವು ಕೇಳಬಹುದು. ಚಳಿಗಾಲದಲ್ಲಿ ಊರಿನ ಬ್ಯಾಂಡಿನವರು ಶಾಲೆಯ ಸಭಾಂಗಣದಲ್ಲಿ ಲೋಟೊ ಎಂಬ, ಅಂಕಿ ಕೂಗುವ ಅದೃಷ್ಟದಾಟ ಆಡಿಸುತ್ತಾರೆ. ಗೆದ್ದವರಿಗೆ ಒಣಗಿಸಿದ ಹಂದಿಯ ತೊಡೆ, ಇಲ್ಲವೇ ಅರ್ಧ ಗಾಲಿ ಚೀಸ್. ಈ ವರ್ಷ ತಮ್ಮವರು ಔದಾರ್ಯದಿಂದ ಮೊದಲ ಬಹುಮಾನವಾಗಿ ಇಬ್ಬರಿಗೆ ಮಧ್ಯಾಹ್ನದ ಊಟ ಕೊಟ್ಟರು. ಮೂವತ್ತು ವರ್ಷ ಒಂದು ಸಾಸೇಜನ್ನೂ ಗೆಲ್ಲದ ನನಗೆ, ನನ್ನ ಗ್ರಹಚಾರಕ್ಕೆ, ಅದು ಬಂತು. ನನ್ನ ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ನನ್ನವನೆಂದು ಉಳಿದಿರುವವನು ಅಣ್ಣ ಒನೆಸಿಮ್ ಒಬ್ಬನೇ, ಅವನೊಂದಿಗೆ ನಾನು ಮಾತು ಬಿಟ್ಟು ಒಂಬತ್ತು ವರ್ಷ.

ಕಾರಣ ಸಣ್ಣದಲ್ಲ. ನಮ್ಮ ಕರಿಹಸುಗಳು ಬೇಸಿಗೆಯ ಹುಲ್ಲುಗಾವಲಿಗೆ ಹತ್ತುವ ದಿನ ತಮ್ಮತಮ್ಮಲ್ಲೇ ಕೋಡಿಗೆ ಕೋಡು ಕೊಟ್ಟು ಸೆಣಸಿ, ಯಾರು ರಾಣಿ ಎಂದು ತೀರ್ಮಾನಿಸಿಕೊಳ್ಳುತ್ತವೆ. ಒಂಬತ್ತು ವರ್ಷದ ಹಿಂದೆ ಅಣ್ಣನ ಫರೂಷ್ ನನ್ನ ಮಿರಾಬೆಲ್ಲಳನ್ನು ಸೋಲಿಸಿತು. ಬೆಳಿಗ್ಗೆ ಅದಕ್ಕೆ ಮದವೇರಲೆಂದು ವೈನಿನಲ್ಲಿ ಅದ್ದಿದ ರೊಟ್ಟಿ ತಿನ್ನಿಸಿದ್ದಾನೆ ಎಂದು ನಾನು ಎಲ್ಲರೆದುರು ಹೇಳಿದೆ. ನನ್ನ ಹಸು ಬೆನ್ನು ತಿರುಗಿಸಿದ್ದು ಒಡತಿಯ ಮುಖ ನೋಡಿ ಹೆದರಿಕೊಂಡು ಎಂದು ಅವನೂ ಎಲ್ಲರೆದುರೇ ಹೇಳಿದ. ಅಲ್ಲಿಗೆ ಮುಗಿಯಿತು. ನಮ್ಮಿಬ್ಬರ ಕೊಟ್ಟಿಗೆಗೂ ಗೋಡೆ ಒಂದೇ. ಅತ್ತ ಅವನು ಕೆಮ್ಮಿದರೆ ಇತ್ತ ನನಗೆ ಕೇಳುತ್ತದೆ.

ಈ ವರ್ಷ ಅವನ ಮೊಣಕಾಲು ಕೈಕೊಟ್ಟಿದೆ. ಜೂನಿನಲ್ಲಿ ಅವನು ಮೇಲೆ ಹತ್ತಲಾರ. ಮುದಿರಾಣಿ ಫರೂಷಳನ್ನು ಯಾರೂ ಕರೆದೊಯ್ಯದಿದ್ದರೆ ಅದು ಕಟುಕನ ಪಾಲು. ನಾನು ಕರೆದೊಯ್ಯಬಲ್ಲೆ, ಆದರೆ ಅವನು ಬಾಯಿಬಿಟ್ಟು ಕೇಳುವವನಲ್ಲ, ಕೇಳದೆ ನಾನು ಹೇಳುವವಳಲ್ಲ. ಅದಕ್ಕೇ ಅಂಚೆಯವಳ ಮೂಲಕ ಹೇಳಿಕಳಿಸಿದೆ: ಬಂದರೆ ಬರಲಿ, ಇಲ್ಲದಿದ್ದರೆ ಇಬ್ಬರ ಊಟವನ್ನೂ ನಾನೇ ತಿನ್ನುತ್ತೇನೆ ಎಂದು. ಬಂದ.

ತಮ್ಮಲ್ಲಿನ ಸತ್ಕಾರವನ್ನು ಎಷ್ಟು ಹೊಗಳಿದರೂ ಸಾಲದು. ಅಣ್ಣನ ರಬ್ಬರ್ ಬೂಟುಗಳನ್ನು ಬಿಳಿ ಕೈಗವಸಿನ ಮಹನೀಯರೊಬ್ಬರು ಎರಡು ಬೆರಳಲ್ಲಿ ಹಿಡಿದು, ಸ್ಕೀ ಆಡಿ ಬಂದವರ ಬೂಟುಗಳನ್ನು ಬೆಚ್ಚಗಿಡುವ ಕಪಾಟಿನಲ್ಲಿಟ್ಟರು. ಅವು ಬೆಳಗಿನ ಕೊಟ್ಟಿಗೆಯಿಂದ ನೇರವಾಗಿ ಬಂದ ಬೂಟುಗಳು. ಕಾಲು ಗಂಟೆಯಲ್ಲಿ ಅವು ಚೆನ್ನಾಗಿ ಕಾದು, ಪರಿಮಳ ಊಟದ ಕೋಣೆಯನ್ನೆಲ್ಲ ತುಂಬಿತು. ಪಕ್ಕದ ಮೇಜಿನ ಪ್ಯಾರಿಸ್ಸಿನ ಅಮ್ಮನವರು ಇದು ಯಾವ ಚೀಸ್ ಎಂದು ವಿಚಾರಿಸಿ, ತಮಗೂ ಸ್ವಲ್ಪ ತರಲು ಹೇಳಿದರು.

ಮೊದಲು ಬಂದದ್ದು ಒಣಹುಲ್ಲಿನ ನೊರೆ. ನಾವು ಹುಲ್ಲನ್ನು ಹಸುವಿಗೆ ಹಾಕಿ, ಹಾಲು ಕರೆದು, ನೊರೆ ಕಾಣುತ್ತೇವೆ. ತಮ್ಮವರು ನಡುವಿನ ಹಸುವನ್ನೇ ಕೈಬಿಟ್ಟಿದ್ದಾರೆ, ಮೆಚ್ಚಬೇಕಾದ ಜಾಣತನ. ಆಮೇಲೆ ಗಾಡಿಚಕ್ರದಷ್ಟು ತಟ್ಟೆಯಲ್ಲಿ ಒಂದು ಕ್ಯಾರೆಟ್ಟು ಬಂತು. ಅದರ ಹುಟ್ಟು, ಬಾಲ್ಯ, ವಿದ್ಯಾಭ್ಯಾಸಗಳನ್ನು ಪರಿಚಾರಕರು ವಿವರಿಸಿದಷ್ಟು ಹೊತ್ತು ಅದನ್ನು ತಿನ್ನಲು ಹಿಡಿಯಲಿಲ್ಲ. ಉಪ್ಪು ಬೇಕಾದರೆ ನಾನು ಪರಿಚಾರಕರಿಗೆ ಹೇಳುತ್ತಿದ್ದೆ, ಅವರು ಅಣ್ಣನ ಕೈಬದಿಯಿಂದ ಎತ್ತಿ ನನ್ನ ಕೈಬದಿಗೆ ಇಡುತ್ತಿದ್ದರು.

ಕೊನೆಗೆ ಫಾಂಡ್ಯೂ ಬಂತು. ಉರಿಯ ಮೇಲಿನ ಪಾತ್ರೆಯಲ್ಲಿ ಕರಗಿದ ಚೀಸ್, ಅದಕ್ಕೆ ಅದ್ದಲು ರೊಟ್ಟಿ. ಮಾನ್ಯರೇ, ನಾವು ಕಾದಿದ್ದು ಆ ಚೀಸಿಗಲ್ಲ. ಎಲ್ಲ ಮುಗಿದ ಮೇಲೆ ತಳದಲ್ಲಿ ಕಂದುಬಣ್ಣದ ಹಪ್ಪಳದಂಥ ಪದರ ಕಚ್ಚಿಕೊಂಡಿರುತ್ತದೆ. ನಮ್ಮಲ್ಲಿ ಅದಕ್ಕೆ ‘ಸನ್ಯಾಸಿನಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜಗಳ ಆಡಿದ ಇಬ್ಬರಿಗೆ ಅಮ್ಮ ಅದನ್ನು ಬಿಟ್ಟುಕೊಡುತ್ತಿದ್ದಳು. ಒಬ್ಬರು ಎರಡು ಭಾಗ ಮಾಡಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ಭಾಗ ಮಾಡಿದವರು ಕ್ಷಮೆ ಕೇಳಬೇಕಿಲ್ಲ, ಆರಿಸಿಕೊಂಡವರು ಹಳೆಯದನ್ನು ಎತ್ತಬಾರದು. ಒಂಬತ್ತು ವರ್ಷದ ಬಿಗಿ ಬಿಡಿಸಲು ನಮಗೆ ಗೊತ್ತಿದ್ದ ದಾರಿ ಅದೊಂದೇ.

ಅದಕ್ಕೇ ಇಬ್ಬರೂ ತಲೆ ತಗ್ಗಿಸಿ ತಿಂದೆವು, ಹಸಿವಿಗಲ್ಲ, ತಳ ಕಾಣಲಿ ಎಂದು. ತಳ ಕಂಡಿತು. ಅಣ್ಣ ಜೇಬಿನಿಂದ ತನ್ನ ಚಾಕು ತೆಗೆದ. ನಾನು ಪಾತ್ರೆಯನ್ನು ಅವನತ್ತ ಸರಿಸಿದೆ. ಅಷ್ಟರಲ್ಲಿ ಪರಿಚಾರಕರು ಬಗ್ಗಿ, ‘ಕ್ಷಮಿಸಬೇಕು, ತಳ ಹತ್ತಿಬಿಟ್ಟಿದೆ’ ಎಂದು ನಾಚಿಕೊಂಡು ಪಾತ್ರೆಯನ್ನೆತ್ತಿ ನಡೆದೇಬಿಟ್ಟರು.

ಇಬ್ಬರೂ ಒಟ್ಟಿಗೇ ಎದ್ದು ‘ಬಿಡಯ್ಯಾ ಅದನ್ನ!’ ಎಂದು ಕೂಗಿದೆವು. ಒಂಬತ್ತು ವರ್ಷದಲ್ಲಿ ನಾವು ಒಟ್ಟಿಗೆ ಆಡಿದ ಮೊದಲ ಮಾತು ಅದು. ಅವನು ಕಾಲುಚೀಲದಲ್ಲಿ ಕುಂಟುತ್ತಾ, ನಾನು ಕೊರಳಿನ ಕರವಸ್ತ್ರದ ಸಮೇತ, ಅಡುಗೆಮನೆಗೆ ನುಗ್ಗಿದಾಗ ತಾವು ಆಗಲೇ ನಮ್ಮ ಸನ್ಯಾಸಿನಿಯನ್ನು ಬಾಯಿಗೆ ಹಾಕಿಕೊಂಡಿದ್ದಿರಿ. ಎರಡೇ ನಿಮಿಷ. ಹೊರಬಂದ ಪಾತ್ರೆಯ ತಳದಲ್ಲಿ ಅಣ್ಣನ ಮುಖ ಕಾಣಿಸುತ್ತಿತ್ತು, ನನ್ನದೂ. ಏನು ಹೊಳಪು, ಏನು ಚುರುಕು! ತಮ್ಮಷ್ಟು ನಿಷ್ಠೆಯಿಂದ ದುಡಿಯುವವರು ನಮ್ಮ ಪಂಚಾಯಿತಿಯಲ್ಲಿ ಒಬ್ಬರಿದ್ದರೂ ಊರು ಉದ್ಧಾರವಾಗುತ್ತಿತ್ತು.

ಆದ್ದರಿಂದ ತಾವು ದಯವಿಟ್ಟು ನುಂಗಿದ್ದನ್ನು ಹಿಂದಿರುಗಿಸಬೇಕು; ಆಗದಿದ್ದರೆ ಜೂನಿನಲ್ಲಿ ಖುದ್ದಾಗಿ ಫರೂಷಳನ್ನು ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಬೇಕು, ಎಂದು ಬೇಡಿಕೊಳ್ಳುವವಳಿದ್ದೆ. ಆದರೆ ಹೋದ ಭಾನುವಾರ ಅಣ್ಣ ನನ್ನ ಬಾಗಿಲು ತಟ್ಟಿದ. ಕಂಕುಳಲ್ಲಿ ಅಮ್ಮನ ಮಸಿಹಿಡಿದ ಪಾತ್ರೆ.

‘ಇಲ್ಲಿ ಯಂತ್ರಗಿಂತ್ರ ಇಲ್ಲ ತಾನೇ?’ ಎಂದ.

ಚೀಸ್ ಕರಗಿಸಿ, ತಳ ಕಚ್ಚುವವರೆಗೂ ಇಬ್ಬರೂ ತಿಂದೆವು. ಅವನೇ ಭಾಗ ಮಾಡಿದ, ಬೇಕೆಂದೇ ಒಂದನ್ನು ದೊಡ್ಡದಾಗಿ. ಅದನ್ನು ನನ್ನತ್ತ ತಳ್ಳಿ, ನನ್ನ ಮುಖ ನೋಡದೆ, ‘ಫರೂಷ್‌ನ ಮೇಲಕ್ಕೆ ಹೊಡ್ಕೊಂಡು ಹೋಗ್ತೀಯೇನೇ?’ ಎಂದು ಕೇಳಿದ. ಬಾಯಿ ಸುಡುತ್ತಿತ್ತು, ಕಣ್ಣಲ್ಲಿ ನೀರು ಬಂದದ್ದು ಬಿಸಿಗೆಂದೇ ಇಟ್ಟುಕೊಳ್ಳಿ. ತಲೆಯಾಡಿಸಿದೆ.

ಹಾಗಾಗಿ ತಮ್ಮ ಮೇಲಿನ ದೂರನ್ನು ಅರ್ಧ ಹಿಂದಕ್ಕೆ ಪಡೆದಿದ್ದೇನೆ.

ಎಂದೆಂದೂ ಪಾತ್ರೆಯನ್ನು ಕೈಯಲ್ಲೇ ತೊಳೆಯುವ,
ತಮ್ಮ ವಿಶ್ವಾಸಿ,
ಒಡಿಲ್ ಬ್ರೂಶೆ

ತಾ.ಕ.: ಹಳೆಯದನ್ನು ನಾನು ಎತ್ತಲಿಲ್ಲ, ದೇವರಾಣೆ. ಕೊನೆಯ ಚೂರು ಅಗಿಯುತ್ತಾ ಅವನೇ ಎತ್ತಿದ: ಅವತ್ತು ಬೆಳಿಗ್ಗೆ ವೈನಿನಲ್ಲಿ ಅದ್ದಿದ ರೊಟ್ಟಿ ಕೊಟ್ಟದ್ದು ನಿಜವಂತೆ, ಒಂದಲ್ಲ ಮೂರು ಚೂರು. ಅಂದಿನಿಂದ ಮತ್ತೆ ಅವನೊಂದಿಗೆ ಮಾತು ಬಿಟ್ಟಿದ್ದೇನೆ; ಮುಂದಿನ ಲೋಟೊಗೆ ಇಬ್ಬರ ಊಟ ಸಿದ್ಧವಿಡುವಂತೆ ತಮ್ಮವರಿಗೆ ತಿಳಿಸಬೇಕು. ಫರೂಷ್ ಮಾತ್ರ ಈಗ ನನ್ನ ಕೊಟ್ಟಿಗೆಯಲ್ಲೇ ಇದೆ. ಅವನು ದಿನಕ್ಕೆರಡು ಸಲ ಬಂದು ಅದರ ಕಿವಿಯಲ್ಲಿ ನನ್ನ ಆರೋಗ್ಯ ವಿಚಾರಿಸುತ್ತಾನೆ, ನಾನು ಇನ್ನೊಂದು ಕಿವಿಯಲ್ಲಿ ಉತ್ತರ ಹೇಳುತ್ತೇನೆ.